ಹಡೆದವಳ ಉಡಿಗೆ ಕೂಸು, ಹುಟ್ಟಿಸಿದವನ ಕೈಗೆ ಬಸ್ ಟಿಕೀಟು

ರಾಯಚೂರು: “ನಾ ಬ್ಯಾಡ ಅಂತ ಮೊದಲ ಹೇಳಿದ್ದೆ. ಆಕಿ ಹಟಾ ಹಿಡದು ಹಡದಾಳ. ಈಗ ತಿಂಗಳಾ ರೊಕ್ಕ ಕೊಡು ಅಂದ್ರ ಇದ್ಯಾವ ನ್ಯಾಯ ರೀ?”

ಕೋರ್ಟಿನ ಸುತ್ತಲಿನ ಚಹಾದ ಅಂಗಡಿಗಳಲ್ಲಿ ಕಿವಿ ತೆರೆದು ಕುಳಿತವರಿಗೆ ಈ ಮಾತು ಹೊಸದಲ್ಲ. ಜೀವನಾಂಶದ ನೋಟೀಸು ಕೈಗೆ ಬಿದ್ದವನು ಆಡುತ್ತಾನೆ, ಪಕ್ಕದಲ್ಲಿದ್ದವರು “ಖರೇ ಐತಿ ಬಿಡ್ರಿ” ಎಂದು ಗೋಣು ಹಾಕುತ್ತಾರೆ. ರಾಯಚೂರಾಗಲಿ, ಮಾನ್ವಿಯಾಗಲಿ, ದೇವದುರ್ಗವಾಗಲಿ ಮಾತಿನ ಧಾಟಿ ಒಂದೇ. ಮಾತು ಬೆಳೆದರೆ ಎರಡು ಪಕ್ಷಗಳಾಗುತ್ತವೆ. ಒಂದು ಪಕ್ಷ ಗಂಡಸರ ಕುಲವನ್ನೇ ಬೈಯುತ್ತದೆ, ಇನ್ನೊಂದು ಪಕ್ಷ ಹೆಂಗಸಿನ ನಡತೆ ಜಾಲಾಡುತ್ತದೆ. ಈ ಗದ್ದಲದಲ್ಲಿ ಕೂಸಿನ ಸುದ್ದಿ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಗಂಡ-ಹೆಂಡಿರು ಜಗಳವಾಡಿ ದೂರಾದ ಪ್ರಕರಣಗಳನ್ನು ಇವತ್ತು ಬದಿಗಿಡೋಣ. ನಾವು ಹೇಳಹೊರಟಿರುವುದು ಲಗ್ನವಾಗದೆ, ಅಥವಾ ಲಗ್ನವಾಗುತ್ತೇನೆಂಬ ಮಾತಿನ ಮೇಲೆ, ಯಾರೂ ಲೆಕ್ಕ ಹಾಕದೆ ಹುಟ್ಟಿಬಿಟ್ಟ ಮಕ್ಕಳ ವಿಚಾರ. ನಾಟಿ, ಕೊಯ್ಲಿನ ಕಾಲಕ್ಕೆ ಮಾನ್ವಿ ಸೀಮೆಯ ಗದ್ದೆಗಳಲ್ಲಿ ಊರೂರಿನ ಕೂಲಿಯವರು ಕೂಡುತ್ತಾರೆ. ದೇವದುರ್ಗದ ಹಳ್ಳಿಗಳವರು ಬೆಂಗಳೂರಿಗೆ ಗುಳೆ ಹೋಗಿ ಕಟ್ಟುತ್ತಿರುವ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಬಾಳುತ್ತಾರೆ. ರಾಯಚೂರು ನಗರದಲ್ಲಿ ಕಾಲೇಜು, ಬಾಡಿಗೆ ಕೋಣೆ, ಮೊಬೈಲು ಎಲ್ಲವೂ ಇವೆ. ಪ್ರಾಯ ಯಾರನ್ನೂ ಕೇಳಿ ಬರುವುದಿಲ್ಲ. ಮುಂದಿನದು ಎಲ್ಲರಿಗೂ ಗೊತ್ತು. ಹುಡುಗಿಯ ಉಡಿಗೆ ಕೂಸು ಬೀಳುತ್ತದೆ, ಹುಡುಗ ರಾತ್ರಿ ಬಸ್ಸು ಹಿಡಿಯುತ್ತಾನೆ.

ಹಾಗೆಂದು ಆತನ ದೂರನ್ನು ನಾವು ನಕ್ಕು ತಳ್ಳಿಹಾಕುವುದಿಲ್ಲ. ಬಯಸದೇ ಇದ್ದ ಮಗುವಿಗೆ ಹದಿನೆಂಟು ವರ್ಷ ದುಡಿದು ಹಾಕು ಎನ್ನುವುದು ಸಣ್ಣ ಮಾತೇನಲ್ಲ. ಆದ್ದರಿಂದ ದೂರನ್ನು ಎಳೆ ಎಳೆಯಾಗಿ ಬಿಡಿಸಿ ನೋಡೋಣ.

ಸಾಲ ಯಾರಿಗೆ?

ಮೊದಲು ಕಾಯ್ದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ ಐವತ್ತು ವರ್ಷ ವಕೀಲರ ಬಾಯಲ್ಲಿ ಓಡಾಡಿತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ನಂಬರು ಬದಲಾಯಿತು, ತಿರುಳು ಅದೇ ಉಳಿಯಿತು. ದುಡಿಯುವ ತ್ರಾಣವಿದ್ದೂ ತನ್ನ ಮಗುವನ್ನು ಸಾಕದೆ ಕೈಬಿಟ್ಟವನಿಗೆ ತಿಂಗಳ ಜೀವನಾಂಶ ಕೊಡು ಎಂದು ಕೋರ್ಟು ಆಜ್ಞೆ ಮಾಡಬಹುದು. ಆ ಮಗು ಲಗ್ನದೊಳಗೆ ಹುಟ್ಟಿರಲಿ, ಲಗ್ನದ ಹೊರಗೆ ಹುಟ್ಟಿರಲಿ, ಕಾಯ್ದೆಗೆ ಎರಡೂ ಒಂದೇ. ಇದಕ್ಕೆ ಜಾತಿ-ಧರ್ಮದ ಬೇಲಿಯೂ ಇಲ್ಲ.

ಇಲ್ಲೊಂದು ಸೂಕ್ಷ್ಮವಿದೆ, ಓದುಗರು ಗಮನಿಸಬೇಕು. ಲಗ್ನವಾಗದ ತಾಯಿಗೆ ಈ ಕಲಮಿನಡಿ ಹೆಂಡತಿಯ ಹಕ್ಕು ಸುಲಭವಾಗಿ ಸಿಗುವುದಿಲ್ಲ. 1988ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಪ್ರಕರಣದಲ್ಲಿ, ಮೊದಲ ಹೆಂಡತಿ ಇರುವಾಗಲೇ ಕಟ್ಟಿಕೊಂಡ ಎರಡನೆಯವಳನ್ನು ಕಾನೂನಿನ ಹೆಂಡತಿ ಎಂದು ಕೋರ್ಟು ಒಪ್ಪಲಿಲ್ಲ. ಆಕೆಗೆ ಜೀವನಾಂಶ ಇಲ್ಲ ಎಂದಿತು. ಆದರೆ ಮಗುವಿನ ಜೀವನಾಂಶವನ್ನು ಎತ್ತಿಹಿಡಿಯಿತು. ತಾಯಿ ಖಾಲಿ ಕೈಯಲ್ಲಿ ಹೋದಳು, ಕೂಸಿನ ಪಾಲು ಉಳಿಯಿತು.

ಇದರಲ್ಲಿ ನಮ್ಮ ಚಹಾದಂಗಡಿಯ ಗೆಳೆಯನಿಗೆ ಅರ್ಧ ಉತ್ತರವಿದೆ. ಈ ರೊಕ್ಕ ಆಕೆಗೆ ಕೊಡುವ ಬಹುಮಾನವೂ ಅಲ್ಲ, ಈತನಿಗೆ ಹಾಕುವ ದಂಡವೂ ಅಲ್ಲ. ಸಾಲ ಇರುವುದು ಕೂಸಿಗೆ. ತಾಯಿ ಕೂಸಿನ ಪರವಾಗಿ ವಸೂಲಿಗೆ ನಿಂತಿದ್ದಾಳೆ ಅಷ್ಟೆ. ಆಕೆಗೂ ಈತನಿಗೂ ಏನು ಕರಾರಾಗಿತ್ತು, ಯಾರು ಯಾರಿಗೆ ಮೊದಲು ಬೇಡ ಅಂದಿದ್ದರು ಎಂಬುದರಲ್ಲಿ ಕೂಸು ಪಾಲುದಾರನಲ್ಲ.

ಇನ್ನೊಂದು ಮಾತು. ಸಾಕುವ ಹೊಣೆ ಗಂಡಸಿನದಷ್ಟೇ ಎಂದು ಕಾಯ್ದೆ ಹೇಳಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಪ್ರಕಾರ ತಂದೆಯೂ ತಾಯಿಯೂ ಇಬ್ಬರೂ ಹೊಣೆಗಾರರು. ತಾಯಿ ತನ್ನ ಪಾಲನ್ನು ಹೆಚ್ಚಾಗಿ ರೊಕ್ಕದಲ್ಲಿ ಎಣಿಸುವುದಿಲ್ಲ. ಮೊಲೆಹಾಲು, ನಿದ್ದೆಗೆಟ್ಟ ರಾತ್ರಿ, ಬಿಟ್ಟ ಕೂಲಿ, ಮುರಿದ ಲಗ್ನದ ಮಾತುಕತೆ ಇವೆಲ್ಲ ಆಕೆಯ ಕಂತು. ಅವಕ್ಕೆ ರಸೀತಿ ಇರುವುದಿಲ್ಲ.

‘ಆಕಿಗೆ ಇದ್ದ ದಾರಿ ನನಗ್ಯಾಕ ಇಲ್ಲ?’

ಸ್ವಲ್ಪ ಓದಿದವರು ಹಾಕುವ ವಾದ ಇದು. ಗರ್ಭ ತೆಗೆಸುವ ದಾರಿ ಹೆಣ್ಣಿಗೆ ಇದೆ, ಹುಟ್ಟಿದ ಮೇಲೆ ಕಾನೂನಿನಂತೆ ದತ್ತು ಕೊಡುವ ದಾರಿಯೂ ಇದೆ. ಗಂಡಿಗೆ ಮಾತ್ರ ಬಾಗಿಲು ಮುಚ್ಚಿದೆ. ಆಕೆ ಇಟ್ಟುಕೊಂಡರೆ ಈತ ಕಟ್ಟಬೇಕು. ಇದು ಸಮಾನತೆಯೇ?

ಈ ವಾದ ನಮ್ಮೂರಿನದಷ್ಟೇ ಅಲ್ಲ. 2006ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಯುವಕನೊಬ್ಬ ಇದನ್ನೇ ಹಿಡಿದು ಕೋರ್ಟಿಗೆ ಹೋದ. ತನಗೆ ಗರ್ಭ ನಿಲ್ಲುವುದಿಲ್ಲ ಎಂದು ಆಕೆ ಹೇಳಿದ್ದಳು, ಮಗು ಬೇಡವೆಂದು ನಾನು ಮೊದಲೇ ತಿಳಿಸಿದ್ದೆ, ಆದ್ದರಿಂದ ಮಗುವಿನ ಖರ್ಚು ನನ್ನ ಮೇಲೆ ಹೇರಬಾರದು ಎಂಬುದು ಅವನ ವಾದ. ಕೋರ್ಟು ಕೇಸನ್ನು ವಜಾ ಮಾಡಿತು, 2007ರಲ್ಲಿ ಮೇಲಿನ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಗಂಡಸರ ಹಕ್ಕಿನ ಮಾತು ಜೋರಾಗಿರುವ ದೇಶದಲ್ಲೂ ಅದು ನಿಲ್ಲಲಿಲ್ಲ.

ಯಾಕೆ ನಿಲ್ಲಲಿಲ್ಲ ಎಂಬುದನ್ನು ಸಾದಾ ಮಾತಿನಲ್ಲಿ ಹೇಳಬಹುದು. ಗರ್ಭ ಇಟ್ಟುಕೊಳ್ಳುವುದೋ ತೆಗೆಸುವುದೋ ಎಂಬುದು ಆಕೆಯ ಮೈಗೆ ಸೇರಿದ ವಿಚಾರ. ಕತ್ತರಿಗೆ ಮೈ ಒಡ್ಡುವವಳು ಆಕೆ, ಹೆರಿಗೆಯಲ್ಲಿ ಜೀವ ಒತ್ತೆ ಇಡುವವಳೂ ಆಕೆ. ಗಂಡಸಿನ ಮೈಗೆ ಆ ಗಂಡಾಂತರ ಇಲ್ಲ, ಆದ್ದರಿಂದ ಆ ಆಯ್ಕೆಯೂ ಇಲ್ಲ. ಕೂಸು ಹುಟ್ಟಿ ಅತ್ತ ಮೇಲೆ ಇಬ್ಬರ ಆಯ್ಕೆಯ ಕಾಲವೂ ಮುಗಿಯಿತು. ಅಲ್ಲಿಂದ ಮುಂದೆ ಇರುವುದು ಹಸಿದ ಒಂದು ಹೊಟ್ಟೆ.

ಅದು ಹೋಗಲಿ, ಆಕೆಗೆ ‘ಇದ್ದ ದಾರಿ’ ಎಷ್ಟು ಅಗಲವಿದೆ ಎಂದು ದೇವದುರ್ಗದ ಹಳ್ಳಿಯಲ್ಲಿ ನಿಂತು ನೋಡಬೇಕು. ಕಾಗದದ ಮೇಲೆ ಕಾಯ್ದೆ ಉದಾರವಾಗಿದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, ಲಗ್ನವಾಗದ ಹೆಣ್ಣಿಗೂ 20 ವಾರಗಳವರೆಗೆ ಅವಕಾಶ ಸ್ಪಷ್ಟವಾಯಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು, ಕೆಲವು ವರ್ಗದ ಹೆಂಗಸರಿಗೆ ಇರುವ 24 ವಾರಗಳ ಅವಕಾಶದಿಂದ ಲಗ್ನವಾಗದವಳನ್ನು ಹೊರಗಿಡಬಾರದು ಎಂದಿತು. ಹದಿನೆಂಟು ತುಂಬಿದವಳಿಗೆ ತನ್ನ ಒಪ್ಪಿಗೆಯೊಂದೇ ಸಾಕು, ಅಪ್ಪನ ಸಹಿಯೂ ಬೇಡ, ಗಂಡನ ಸಹಿಯೂ ಬೇಡ.

ಆದರೆ ಇದು ಎಷ್ಟು ಹುಡುಗಿಯರಿಗೆ ಗೊತ್ತು? ಡಾ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕು ಎಂದು ಪಟ್ಟಿ ಮಾಡಿದವುಗಳಲ್ಲಿ ದೇವದುರ್ಗವೂ ಒಂದು. ಮುಟ್ಟು ನಿಂತದ್ದನ್ನು ಎರಡು ತಿಂಗಳು ನಿಶ್ಶಕ್ತಿ ಎಂದುಕೊಳ್ಳುತ್ತಾರೆ. ಗೊತ್ತಾದ ಮೇಲೆ ಎರಡು ತಿಂಗಳು ಅವ್ವನಿಂದ ಮುಚ್ಚಿಡುತ್ತಾರೆ. ಹೊಟ್ಟೆ ಕಾಣಿಸಿಕೊಂಡು ಓಣಿಯಲ್ಲಿ ಮಾತು ಹುಟ್ಟುವ ಹೊತ್ತಿಗೆ ಐದು ತಿಂಗಳು. ಅಷ್ಟರಲ್ಲಿ ಆ ಮಹರಾಯ “ಲಗ್ನಾ ಆಗ್ತೀನಿ, ತಡಿ” ಎಂದು ಹೇಳುತ್ತಲೇ ವಾರಗಳನ್ನು ತಿಂದುಹಾಕಿರುತ್ತಾನೆ. ಆಮೇಲೆ ‘ಆಕಿ ಹಟಾ ಹಿಡದು ಹಡದಾಳ’ ಎಂದರೆ ಯಾರು ನಂಬಬೇಕು?

‘ಅದು ನಂದೇ ಅನ್ನೂದಕ್ಕ ಸಾಕ್ಷಿ ಏನೈತಿ?’

ಇದು ನ್ಯಾಯವಾದ ಪ್ರಶ್ನೆ, ಇದಕ್ಕೆ ನ್ಯಾಯವಾದ ಉತ್ತರ ಸಿಗಬೇಕು. ತಾನು ಹುಟ್ಟಿಸದ ಮಗುವಿಗೆ ಯಾರೂ ಕಟ್ಟಬೇಕಾಗಿಲ್ಲ.

ಲಗ್ನವಾದವಳ ಮಗುವಿನ ವಿಷಯದಲ್ಲಿ ಕಾಯ್ದೆ ಗಂಡನನ್ನೇ ತಂದೆ ಎಂದು ಹಿಡಿಯುತ್ತದೆ. ಸಾಕ್ಷ್ಯ ಕಾಯ್ದೆಯ ಹಳೆಯ 112ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೆಯದು. ಗರ್ಭ ನಿಂತ ಕಾಲದಲ್ಲಿ ಗಂಡ-ಹೆಂಡಿರು ಕೂಡುವ ಸಂಭವವೇ ಇರಲಿಲ್ಲ ಎಂದು ತೋರಿಸಿದರೆ ಮಾತ್ರ ಆ ಹಿಡಿತ ಸಡಿಲವಾಗುತ್ತದೆ. ಕೇರಳದ ಒಂದು ಪ್ರಕರಣದಲ್ಲಿ ಬೇರೊಬ್ಬನೇ ನನ್ನ ಹೆತ್ತ ತಂದೆ, ಅವನು ಜೀವನಾಂಶ ಕೊಡಲಿ ಎಂದು ಕೇಳಿದ್ದನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ತಾಯಿಗೆ ಗಂಡನಿದ್ದ ಕಾಲದಲ್ಲಿ ಹುಟ್ಟಿದವನಿಗೆ ಆ ಗಂಡನೇ ತಂದೆ ಎಂದು ತೀರ್ಪು ಕೊಟ್ಟಿತು.

ಲಗ್ನವಾಗದವಳ ಮಗುವಿಗೆ ಈ ಆಸರೆಯೂ ಇಲ್ಲ. ಇವನೇ ತಂದೆ ಎಂದು ತೋರಿಸುವ ಭಾರ ಆಕೆಯದೇ. ಇಲ್ಲಿ ಡಿ.ಎನ್.ಎ. ಪರೀಕ್ಷೆ ಬರುತ್ತದೆ. ರಕ್ತಪರೀಕ್ಷೆಯನ್ನು ಕೇಳಿದ ಕೂಡಲೇ ಕೊಡುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 1993ರಲ್ಲೇ ಹೇಳಿದೆ. ಕಾರಣ ಬೇಕು, ಸಾಕ್ಷ್ಯದ ಸುಳಿವು ಬೇಕು. ಆದರೆ ಪರೀಕ್ಷೆ ಆಗಿ ಫಲಿತಾಂಶ ಕೈಗೆ ಬಂದ ಮೇಲೆ ಅದಕ್ಕೆ ಬೆಲೆ ಇದೆ. 2014ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ, ಲಗ್ನದೊಳಗೇ ಹುಟ್ಟಿದ ಮಗುವಾದರೂ ಪರೀಕ್ಷೆಯಲ್ಲಿ ಅವನದಲ್ಲ ಎಂದು ಬಂದದ್ದರಿಂದ ಜೀವನಾಂಶದ ಹೊಣೆಯಿಂದ ಅವನನ್ನು ಬಿಡಿಸಲಾಯಿತು. ಪರೀಕ್ಷೆಗೆ ಒಪ್ಪದೆ ನುಣುಚಿಕೊಂಡರೆ ಅದರಿಂದಲೇ ಕೋರ್ಟು ವಿರುದ್ಧ ತೀರ್ಮಾನಕ್ಕೆ ಬರಬಹುದು ಎಂಬ ಮಾತೂ ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ ಇದೆ.

ಪರೀಕ್ಷೆ ಎಂದರೆ ಗಂಡಸರು ಹೌಹಾರುವುದುಂಟು. ನಮ್ಮ ಭಾಗದಲ್ಲಿ ಅದು ಬಡ ಗಂಡಸಿಗೆ ಕಾವಲು ಎಂದು ನಾವು ಹೇಳುತ್ತೇವೆ. ಹೊಲದ ಸಾಹುಕಾರನ ಪಾಪವನ್ನು ಸಂಬಳದಾಳಿನ ಕೊರಳಿಗೆ ಕಟ್ಟಿ, ಇಬ್ಬರನ್ನೂ ಊರ ಹೊರಗಿನ ಗುಡಿಯಲ್ಲಿ ನಿಲ್ಲಿಸಿ ತಾಳಿ ಕಟ್ಟಿಸುವುದು ಎಲ್ಲೂ ನಡೆಯದು ಎಂದು ಎದೆ ಮುಟ್ಟಿಕೊಂಡು ಯಾರು ಹೇಳಬಲ್ಲರು? ಊರ ಕಟ್ಟೆಯ ಪಂಚಾಯಿತಿಗೆ ಸಾಹುಕಾರನ ಮುಖ ಕಾಣುತ್ತದೆ, ಲ್ಯಾಬೊರೇಟರಿಯ ಯಂತ್ರಕ್ಕೆ ಕಾಣುವುದಿಲ್ಲ.

‘ಕೂಲಿ ಮಾಡಾವ ಎಲ್ಲಿಂದ ತರ್ಲಿ?’

ಇದೂ ಖರೆ ಮಾತೇ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಎಂದು ನಿಗದಿಯಾಗಿತ್ತು. ತಿಂಗಳಿಗೆ ಇಪ್ಪತ್ತು ದಿನ ಆ ದರದಲ್ಲಿ ಕೆಲಸ ಸಿಕ್ಕಿತು ಎಂದು ಹಿಡಿದರೂ 7,400 ರೂಪಾಯಿ. ಅದರಲ್ಲಿ ಮುಪ್ಪಿನ ತಂದೆತಾಯಿ, ಸಾಲದ ಬಡ್ಡಿ. ಆಮೇಲೆ ಲಗ್ನವಾಗಿದ್ದರೆ ಹೆಂಡತಿ, ಆಕೆಯ ಮಕ್ಕಳು.

ಕಾಯ್ದೆ ಇದನ್ನು ನೋಡದೆ ಇಲ್ಲ. 2020ರ ನವೆಂಬರಿನ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ದೇಶಕ್ಕೆಲ್ಲ ಒಂದು ಕ್ರಮ ಹಾಕಿಕೊಟ್ಟಿತು. ಎರಡೂ ಕಡೆಯವರು ತಮ್ಮ ಆದಾಯ, ಆಸ್ತಿ, ಸಾಲಗಳ ಬಗ್ಗೆ ಪ್ರಮಾಣಪತ್ರ ಕೊಡಬೇಕು, ಅದನ್ನು ನೋಡಿ ಮೊತ್ತ ಗೊತ್ತು ಮಾಡಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಸಲ್ಲಬೇಕು. ತಾಯಿ ದುಡಿಯುವವಳಾದರೆ ಆಕೆಯ ಪಾಲೂ ಲೆಕ್ಕಕ್ಕೆ ಬರುತ್ತದೆ. 2000ದಲ್ಲಿ ಬಂದ ಇನ್ನೊಂದು ತೀರ್ಪಿನಲ್ಲಿ, ತಂದೆಯ ಗಳಿಕೆ ತಾಯಿಯದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಇದ್ದುದರಿಂದ ಮಕ್ಕಳ ಖರ್ಚನ್ನು ಎರಡಕ್ಕೆ ಒಂದರಂತೆ ಹಂಚಿದರು. ಕೂಸಿನ ತಿಂಗಳ ಖರ್ಚು ಮೂರು ಸಾವಿರ ಎಂದುಕೊಂಡರೆ ಅಪ್ಪನದು ಎರಡು, ಅವ್ವನದು ಒಂದು. ಇದಕ್ಕಿಂತ ನೇರವಾದ ತಕ್ಕಡಿ ಯಾವುದಿದೆ?

ಆದರೆ ‘ನನಗೆ ಕೆಲಸವೇ ಇಲ್ಲ’ ಎಂದು ಕೈ ಝಾಡಿಸುವವನಿಗೆ ರಿಯಾಯಿತಿ ಇಲ್ಲ. ಮೈಯಲ್ಲಿ ಕಸುವಿದ್ದವನು ಮೈಮುರಿದು ದುಡಿದಾದರೂ ಸಾಕಬೇಕು ಎಂದು 2022ರಲ್ಲೂ ಸುಪ್ರೀಂ ಕೋರ್ಟು ಹೇಳಿದೆ. ಕಟ್ಟದಿದ್ದರೆ ವಾರಂಟು, ಬಾಕಿ ಉಳಿದ ಒಂದೊಂದು ತಿಂಗಳಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ ಆಯಿತು ಎಂದುಕೊಳ್ಳುವವರಿಗೆ 1988ರ ತೀರ್ಪು ಉತ್ತರ ಹೇಳುತ್ತದೆ. ಜೈಲು ವಸೂಲಿಯ ದಾರಿ, ಬಾಕಿಯ ತೀರುವಳಿ ಅಲ್ಲ.

ಮೊತ್ತದ ಇತಿಹಾಸ ನೋಡಿದರೆ ಗಂಡಸರ ಮೇಲೆ ಕಾಯ್ದೆ ಬಹಳ ಕ್ರೂರವಾಗಿತ್ತು ಎಂದು ಹೇಳಲಾಗದು. 2001ರಲ್ಲಿ ತಿದ್ದುಪಡಿ ಆಗುವವರೆಗೂ ಒಬ್ಬರಿಗೆ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಕೊಡಿಸುವ ಅಧಿಕಾರವೇ ಈ ಕಲಮಿನಡಿ ಕೋರ್ಟಿಗೆ ಇರಲಿಲ್ಲ. ಕಾಲು ಶತಮಾನ ಅದೇ 500!

ರೊಕ್ಕ ಕೊಡುವವನಿಗೂ ಹಕ್ಕಿದೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಲಗ್ನದ ಹೊರಗೆ ಹುಟ್ಟಿದ ಮಗುವಿಗೆ ಹಿಂದೂ ಕಾಯ್ದೆಯಲ್ಲಿ ತಾಯಿಯೇ ಮೊದಲ ಪಾಲಕಿ, ಆಮೇಲೆ ತಂದೆ. ಆದರೂ ಮಗುವನ್ನು ಕಾಣಲು, ಮಾತಾಡಿಸಲು ಅವಕಾಶ ಕೊಡಿ ಎಂದು ಆತ ಕೋರ್ಟನ್ನು ಕೇಳಬಹುದು. ಪರಿಸ್ಥಿತಿ ಬದಲಾದರೆ ಮೊತ್ತ ಇಳಿಸಲು ಅರ್ಜಿ ಹಾಕಬಹುದು. ಈ ದಾರಿಗಳನ್ನು ಹಿಡಿಯದೆ ಬಸ್ ಹತ್ತಿದವನು ಅನ್ಯಾಯದ ಮಾತು ಆಡಬಾರದು.

ಕಟ್ಟೆಯ ಮೇಲಿನ ವ್ಯಾಪಾರ

ಕಾಯ್ದೆಯ ಕಥೆ ಹೀಗಾದರೆ ನಮ್ಮ ಹಳ್ಳಿಗಳ ಕಥೆಯೇ ಬೇರೆ. ಇಂಥ ಸಂಗತಿ ಬಯಲಾದಾಗ ಕೋರ್ಟಿಗೆ ಮೊದಲು ಹೋಗುವವರು ಕಡಿಮೆ. ದೈವ ಕೂಡುತ್ತದೆ. ಎರಡೂ ಕಡೆಯ ಹಿರಿಯರು ಗುಡಿಯ ಕಟ್ಟೆ ಏರುತ್ತಾರೆ. “ಆದದ್ದಾತು, ಹುಡುಗಿ ಬಾಳೇನೂ ನೋಡಬೇಕು, ಹುಡುಗನ ಭವಿಷ್ಯಾನೂ ನೋಡಬೇಕು” ಎಂದು ಒಂದು ಮೊತ್ತ ನಿಗದಿ ಮಾಡುತ್ತಾರೆ. ಬಾಂಡ್ ಪೇಪರಿನ ಮೇಲೆ ಇಬ್ಬರ ಹೆಬ್ಬೆಟ್ಟು. ಇನ್ನು ಮುಂದೆ ಯಾವ ತಂಟೆ-ತಕರಾರೂ ಇಲ್ಲ ಎಂದು ಒಂದು ಸಾಲು.

ಆ ಮೊತ್ತ ಐವತ್ತು ಸಾವಿರ ಎಂದೇ ಹಿಡಿಯೋಣ. ಓಣಿಗೆ ಅದು ದೊಡ್ಡ ರೊಕ್ಕ. ಕೂಸಿಗೆ ಹದಿನೆಂಟು ತುಂಬಲು 216 ತಿಂಗಳು ಬೇಕು. ಭಾಗಿಸಿ ನೋಡಿ, ತಿಂಗಳಿಗೆ 231 ರೂಪಾಯಿ. ದಿನಕ್ಕೆ ಎಂಟು ರೂಪಾಯಿಯೂ ಬೀಳುವುದಿಲ್ಲ. ಅದೂ ಪೂರ್ತಿ ಕೈಗೆ ಬಂದರೆ. ಅದರಲ್ಲಿ ದಂಡದ ಪಾಲು, ಊಟದ ಖರ್ಚು, ನಡುವಿನವರ ಪಾಲು ಹೋದರೆ ಉಳಿಯುವುದು ಏನು?

ಈ ಬಾಂಡ್ ಪೇಪರಿಗೆ ಕೂಸಿನ ಹಕ್ಕನ್ನು ಕೊಲ್ಲುವ ಶಕ್ತಿ ಇಲ್ಲ ಎಂಬುದನ್ನು ಮಾನ್ವಿ, ದೇವದುರ್ಗದ ಪ್ರತಿ ಹೆಣ್ಣುಮಗಳಿಗೂ ತಿಳಿಸಬೇಕಾಗಿದೆ. ಜೀವನಾಂಶ ಕೇಳುವುದಿಲ್ಲ ಎಂದು ದೊಡ್ಡವರು ಬರೆದುಕೊಟ್ಟರೂ ಅದು ಸಾರ್ವಜನಿಕ ನೀತಿಗೆ ವಿರುದ್ಧವೆಂದು ಕೋರ್ಟುಗಳು ತಳ್ಳಿಹಾಕಿವೆ. ಕೂಸಿನ ಅನ್ನವನ್ನು ಮಾರುವ ಅಧಿಕಾರ ಯಾವ ಹಿರಿಯನಿಗೂ ಇಲ್ಲ, ಹಡೆದವ್ವನಿಗೂ ಇಲ್ಲ.

ಹುಡುಗಿಗೆ ಹದಿನೆಂಟು ತುಂಬಿರದಿದ್ದರಂತೂ ಕಟ್ಟೆ ಏರುವುದೇ ಅಪರಾಧಕ್ಕೆ ಕೈ ಹಾಕಿದಂತೆ. 2012ರ ಪೋಕ್ಸೋ ಕಾಯ್ದೆಯಲ್ಲಿ ಆಕೆಯ ಒಪ್ಪಿಗೆಗೆ ಬೆಲೆ ಇಲ್ಲ, ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಶಿಕ್ಷೆ ಇದೆ. ತಾಳಿ ಕಟ್ಟಿಸಿ ಮುಚ್ಚಿಹಾಕೋಣ ಎಂದರೆ ಕರ್ನಾಟಕದ ತಿದ್ದುಪಡಿಯಂತೆ ಅಂಥ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆರೋಪಿ ಜೈಲಿಗೆ ಹೋದರೂ ಕೂಸಿನ ಹೊಟ್ಟೆಯ ಪ್ರಶ್ನೆ ಹಾಗೇ ಉಳಿಯುತ್ತದೆ ಎಂಬುದನ್ನೂ ಮರೆಯಬಾರದು.

ಅಪ್ಪನ ಹೆಸರಿನ ಖಾಲಿ ಜಾಗ

ನಮ್ಮ ಜಿಲ್ಲೆಯಲ್ಲಿ ಕುಳಿತು ಈ ವಿಷಯ ಬರೆಯುವಾಗ ದೇವದಾಸಿ ತಾಯಂದಿರ ಮಕ್ಕಳನ್ನು ಬಿಟ್ಟು ಬರೆದರೆ ಅದು ಅರ್ಧ ಸತ್ಯವಾದೀತು. ಮುತ್ತು ಕಟ್ಟುವುದನ್ನು 1982ರ ಕಾಯ್ದೆ ನಿಷೇಧಿಸಿತು. ಸರ್ಕಾರವೇ ನಡೆಸಿದ 1993-94 ಮತ್ತು 2007-08ರ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46,660 ದೇವದಾಸಿಯರ ಲೆಕ್ಕ ಸಿಕ್ಕಿತು. ರಾಯಚೂರೂ ಆ ಪಟ್ಟಿಯ ಜಿಲ್ಲೆ. ಈ ತಾಯಂದಿರ ಮಕ್ಕಳಿಗೆ ಅಪ್ಪ ಯಾರೆಂದು ಎಷ್ಟೋ ಸಲ ಇಡೀ ಊರಿಗೆ ಗೊತ್ತು. ಮಗುವಿಗೂ ಗೊತ್ತು. ಆತ ಎದುರಿಗೆ ಬಂದರೆ ಮುಖ ತಿರುಗಿಸಿ ಹೋಗುತ್ತಾನೆ. ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಜಾಗ ಮಾತ್ರ ಖಾಲಿ.

ಗಂಡಸರ ಮೇಲೆ ಜೀವನಾಂಶದ ಭಾರ ಹೆಚ್ಚಾಯಿತು ಎನ್ನುವವರು ಈ ಒಂದು ಲೆಕ್ಕ ಹೇಳಲಿ. ಈ ತಾಯಂದಿರ ಮಕ್ಕಳ ಪೈಕಿ ಎಷ್ಟು ಮಂದಿಗೆ ಯಾವ ಅಪ್ಪ ತಿಂಗಳಿಗೆ ಒಂದು ಸೇರು ಜೋಳ ಅಳೆದು ಕೊಟ್ಟ? ಅನೌರಸ ಮಗುವಿಗೂ ಹಕ್ಕಿದೆ ಎಂದು ಕಾಯ್ದೆ ಇದ್ದೇ ಇತ್ತು. ಕೇಳುವ ಬಾಯಿಗೆ ಧೈರ್ಯ ಇರಲಿಲ್ಲ, ಯಾಕೆಂದರೆ ಕೇಳಬೇಕಾದವನ ಹೊಲದಲ್ಲೇ ನಾಳೆಯ ಕೂಲಿ ಇತ್ತು.

ಇದಕ್ಕೆ ಮದ್ದೆಂದು 2025ರ ಆಗಸ್ಟಿನಲ್ಲಿ ರಾಜ್ಯ ವಿಧಾನಮಂಡಲ ದೇವದಾಸಿ ತಡೆ, ನಿಷೇಧ, ಪರಿಹಾರ ಮತ್ತು ಪುನರ್ವಸತಿಯ ಹೊಸ ಮಸೂದೆಯನ್ನು ಅಂಗೀಕರಿಸಿತು. ದೇವದಾಸಿಯ ಮಗು ತನ್ನ ತಂದೆ ಯಾರೆಂದು ಗೊತ್ತು ಮಾಡಿಸಿಕೊಳ್ಳಬಹುದು, ಗೊತ್ತಾದ ಮೇಲೆ ಜೀವನಾಂಶವನ್ನೂ ಆಸ್ತಿಯ ಪಾಲನ್ನೂ ಕೇಳಬಹುದು, ಕಾಗದಪತ್ರಗಳಲ್ಲಿ ಅಪ್ಪನ ಹೆಸರು ಬರೆಯಲೇಬೇಕೆಂಬ ಒತ್ತಾಯ ಬೇಡ ಎಂಬುದು ಅದರ ಸಾರ. ಒಳ್ಳೆಯದೇ. ಆದರೆ 1982ರ ಕಾಯ್ದೆ ಬಂದ ಎಷ್ಟೋ ವರ್ಷಗಳ ನಂತರವೂ ಸಮೀಕ್ಷೆಯ ಲೆಕ್ಕ 46,660 ಎಂದು ಬಂತು ಎಂಬುದನ್ನು ನೆನಪಿಟ್ಟುಕೊಂಡು ಹರ್ಷಪಡೋಣ.

ಆಸ್ತಿಯ ವಿಷಯದಲ್ಲಿ ಇನ್ನೊಂದು ಮಾತು. ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಅಸಿಂಧು ಲಗ್ನದಲ್ಲಿ ಹುಟ್ಟಿದ ಮಕ್ಕಳಿಗೂ ಹೆತ್ತವರ ಪಾಲಿನ ಆಸ್ತಿಯಲ್ಲಿ ಹಕ್ಕಿದೆ ಎಂದಿತು. ಎರಡನೇ ಸಂಸಾರ ಹೂಡಿದವರು ಇದನ್ನು ಓದಿಕೊಳ್ಳುವುದು ಒಳ್ಳೆಯದು. ಲಗ್ನವೇ ನಡೆಯದೆ ಹುಟ್ಟಿದ ಮಗುವಿಗೆ ಆ ತೀರ್ಪಿನ ನೆರಳು ಬೀಳದು. ಅದಕ್ಕೆ ಇರುವುದು ಜೀವನಾಂಶದ ಆಸರೆ ಒಂದೇ. ಅದಕ್ಕೇ ಅದನ್ನು ಗಟ್ಟಿಯಾಗಿ ಹಿಡಿಯಬೇಕು.

ಆಗಬೇಕಾದ್ದೇನು?

ಗುಳೆ ಹೋದವನಿಗೆ ನೋಟೀಸು ಮುಟ್ಟುವುದಿಲ್ಲ. ‘ವಿಳಾಸದಲ್ಲಿ ಇಲ್ಲ’ ಎಂದು ವಾಪಸು ಬರುತ್ತದೆ. ಮಧ್ಯಂತರ ಜೀವನಾಂಶವನ್ನು ನೋಟೀಸು ಮುಟ್ಟಿದ 60 ದಿನಗಳೊಳಗೆ ಆದಷ್ಟು ತೀರ್ಮಾನಿಸಬೇಕು ಎಂದು ಕಾಯ್ದೆ ಹೇಳಿದರೂ, ಮುಟ್ಟದ ನೋಟೀಸಿಗೆ ಅರವತ್ತು ದಿನ ಎಲ್ಲಿಂದ ಶುರು? ಶಕ್ತಿ ಯೋಜನೆಯಿಂದ 2023ರ ಜೂನ್ ನಂತರ ತಾಯಿಗೆ ಬಸ್ ಚಾರ್ಜು ತಪ್ಪಿದೆ. ತಾರೀಖಿಗೆ ಬಂದ ದಿನದ ಕೂಲಿ ತಪ್ಪಿದ್ದು ಮಾತ್ರ ತಪ್ಪಿದ್ದೇ.

ಕೇಸು ಎಲ್ಲಿ ಹಾಕಬೇಕು ಎಂಬುದೂ ತೊಡಕು. ಹೆಂಡತಿಯಾದರೆ ತಾನಿರುವ ಜಿಲ್ಲೆಯಲ್ಲೇ ಹಾಕಬಹುದು. ಲಗ್ನವಾಗದ ತಾಯಿಗೆ ಕಾಯ್ದೆಯ ಅಕ್ಷರ ಆ ಸೌಲಭ್ಯ ಕೊಟ್ಟಿಲ್ಲ. ಆತ ಇರುವ ಕಡೆ, ಇಲ್ಲವೆ ಆತ ಆಕೆಯ ಜತೆ ಕೊನೆಗೆ ವಾಸವಿದ್ದ ಕಡೆ ಹೋಗಬೇಕು. ಹೊಸ ಸಂಹಿತೆಯಲ್ಲಿ ಆತನ ತಂದೆ ಅಥವಾ ತಾಯಿ ಇರುವ ಜಿಲ್ಲೆ ಎಂದೂ ಸೇರಿಸಿದ್ದಾರೆ. ಮುದುಕ ತಂದೆತಾಯಿಯ ಅನುಕೂಲಕ್ಕೆಂದು ಹಾಕಿದ ಸಾಲಾದರೂ, ಹುಡುಗ ಬೆಂಗಳೂರು ಸೇರಿ ಅವನ ಅಪ್ಪ-ಅವ್ವ ದೇವದುರ್ಗದಲ್ಲೇ ಇದ್ದರೆ ಆ ಸಾಲನ್ನು ಹಿಡಿದು ವಾದಿಸಲು ನಮ್ಮ ವಕೀಲ ಮಿತ್ರರು ಮನಸ್ಸು ಮಾಡಬೇಕು.

1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಪುಕ್ಕಟೆ. ಈ ಮಾತನ್ನು ಅಂಗನವಾಡಿಯ ಗೋಡೆಯ ಮೇಲೆ, ಆಶಾ ಕಾರ್ಯಕರ್ತೆಯ ಬಾಯಲ್ಲಿ, ಹೆರಿಗೆ ವಾರ್ಡಿನ ಬಾಗಿಲಲ್ಲಿ ಇಡಬೇಕು. ಡಿ.ಎನ್.ಎ. ಪರೀಕ್ಷೆಯ ಖರ್ಚನ್ನು ಸರ್ಕಾರವೇ ಹೊರಬೇಕು, ಫಲಿತಾಂಶ ತಿಂಗಳುಗಟ್ಟಲೆ ಕೊಳೆಯಬಾರದು. ಕೈಯಲ್ಲಿ ಆಜ್ಞೆ ಇದ್ದವರು ಬಾಕಿಯನ್ನು ವರ್ಷದೊಳಗೆ ಕೇಳಬೇಕು. ಆಮೇಲೆ ಆ ಬಾಕಿಗೆ ವಾರಂಟು ಸಿಗುವುದಿಲ್ಲ.

ಇನ್ನೊಂದು ದೊಡ್ಡ ಮಾತು. ಜರ್ಮನಿಯಲ್ಲಿ 1980ರಿಂದ ಒಂದು ವ್ಯವಸ್ಥೆ ಇದೆ. ತಂದೆ ಕಟ್ಟದಿದ್ದರೆ ಸರ್ಕಾರವೇ ಒಂದು ಮೊತ್ತವನ್ನು ಮಗುವಿಗೆ ಮುಂಗಡ ಕೊಡುತ್ತದೆ, ಆಮೇಲೆ ತಂದೆಯಿಂದ ವಸೂಲಿ ಮಾಡುತ್ತದೆ. 2017ರಿಂದ ಅದನ್ನು ಹದಿನೆಂಟು ವರ್ಷದವರೆಗೆ ವಿಸ್ತರಿಸಿದ್ದಾರೆ. ಸಾಲಗಾರನನ್ನು ಹುಡುಕುವ ಕೆಲಸ ಬಾಣಂತಿಯದಲ್ಲ, ಸರ್ಕಾರದ್ದು. ಗೃಹಲಕ್ಷ್ಮಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಯೋಜನೆ ಮಾಡಿದ ರಾಜ್ಯಕ್ಕೆ ಇಂಥದ್ದೊಂದು ಯೋಚನೆ ಅಸಾಧ್ಯವೇನಲ್ಲ. ನಮ್ಮ ಶಾಸಕರು ಕಾಲುವೆ ನೀರಿನ ಬಗ್ಗೆ ಏರಿಸುವ ದನಿಯಲ್ಲಿ ಕಾಲು ಪಾಲನ್ನು ಇದಕ್ಕೆ ಇಟ್ಟರೂ ಸಾಕು.

ಕೊನೆಗೆ ಆ ಚಹಾದಂಗಡಿಯ ಗೆಳೆಯನಿಗೆ ಒಂದು ಮಾತು. ಕೂಸು ನಿನ್ನದಲ್ಲ ಎನ್ನುವುದಾದರೆ ಪರೀಕ್ಷೆ ಕೇಳು, ಅದು ನಿನ್ನ ಹಕ್ಕು. ಮೊತ್ತ ಹೆಚ್ಚಾಯಿತು ಎನ್ನುವುದಾದರೆ ನಿನ್ನ ಕೂಲಿಯ ಲೆಕ್ಕ ಕೋರ್ಟಿನ ಮುಂದೆ ಇಡು, ಅದೂ ನಿನ್ನ ಹಕ್ಕು. ಆಕೆಯೂ ದುಡಿಯುತ್ತಾಳೆ ಎನ್ನುವುದಾದರೆ ಅದನ್ನೂ ಹೇಳು. ಆದರೆ ‘ಬ್ಯಾಡ ಅಂದಿದ್ದೆ’ ಎಂಬ ಮಾತನ್ನು ಮಾತ್ರ ಅಲ್ಲಿಗೆ ಒಯ್ಯಬೇಡ.

ತಮ್ಮಾ, ನೀ ಬ್ಯಾಡ ಅಂದದ್ದು ಆಕಿಗೆ. ಕೂಸನ್ನ ಯಾರೂ ಏನೂ ಕೇಳಲಿಲ್ಲ.